ಬೇರಿಲ್ಲದೆ ನೀರು ಕುಡಿಯುವ ಮರ

ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಮರುದಿನ ಬೆಳಗಾದರೆ ಸಾಕು, ನಾರ್ತ್ ಕ್ಯಾರೊಲಿನಾ ರಾಜ್ಯದ ಪಶ್ಚಿಮ ಅಂಚಿನ ಬೆಟ್ಟದ ರಸ್ತೆಗಳಲ್ಲಿ ಕಾರುಗಳು ಸಾಲುಗಟ್ಟುತ್ತವೆ. ಷಾರ್ಲೆಟ್, ರಾಲಿ ಕಡೆಯಿಂದ ಎರಡು ಮೂರು ಗಂಟೆ ಗಾಡಿ ಓಡಿಸಿಕೊಂಡು ಬಂದ ಕುಟುಂಬಗಳು ಆಶ್, ಏವರಿ, ಅಲೆಗೇನಿ, ವಟಾಗ ಎಂಬ ಕೌಂಟಿಗಳ ಕ್ರಿಸ್‌ಮಸ್ ಮರದ ತೋಟಗಳ ಮುಂದೆ ಇಳಿಯುತ್ತವೆ. ಬಾಗಿಲಲ್ಲೇ ಒಂದು ಗರಗಸ, ಒಂದು ಅಳತೆಕೋಲು ಕೈಗೆ ಸಿಗುತ್ತದೆ. ಮಕ್ಕಳಿಗೆ ಒಣಹುಲ್ಲಿನ ಪಿಂಡಿಗಳನ್ನಿಟ್ಟ ಟ್ರ್ಯಾಕ್ಟರ್ ಗಾಡಿಯ ಸವಾರಿ, ದೊಡ್ಡವರಿಗೆ ಚಕ್ಕೆ ಲವಂಗ ಹಾಕಿ ಕಾಯಿಸಿದ ಸೇಬಿನ ರಸ. ಆಮೇಲೆ ಇಳಿಜಾರಿನಲ್ಲಿ ಸಾಲಾಗಿ ನಿಂತ ಹಸಿರು ಮರಗಳ ನಡುವೆ ಅಲೆದಾಟ. ಇದು ಗಿಡ್ಡವಾಯಿತು, ಅದು ಒಂದು ಮಗ್ಗುಲಿಗೆ ಬೋಳು, ಇನ್ನೊಂದರ ತುದಿ ಸೊಟ್ಟ. ಹೆಣ್ಣು ನೋಡಲು ಹೋದವರ ಹಾಗೆ ಹತ್ತು ಕುಂದು ಎತ್ತಿದ ಮೇಲೆ ಒಂದು ಮರ ಎಲ್ಲರಿಗೂ ಒಪ್ಪಿಗೆಯಾಗುತ್ತದೆ. ಇಲ್ಲವೇ ಚಿಕ್ಕ ಮಗುವಿನ ಹಟ ಗೆಲ್ಲುತ್ತದೆ.

ಈ ಗುಂಪಿನಲ್ಲಿ ರಾಲಿ ಸುತ್ತಿನ ಸಾಫ್ಟ್‌ವೇರ್ ಊರುಗಳಲ್ಲಿ ನೆಲೆಸಿದ ಕನ್ನಡದ ಮನೆಯವರೂ ಇರುತ್ತಾರೆ. ಅವರೊಂದಿಗೆ ಊರಿನಿಂದ ಬಂದ ತಂದೆ ತಾಯಿಯರಿದ್ದರೆ ಒಂದು ಕಸಿವಿಸಿಯೂ ಜೊತೆಗೆ ಬಂದಿರುತ್ತದೆ. ಹಬ್ಬದ ನೆಪದಲ್ಲಿ ಆರೋಗ್ಯವಾಗಿ ಬೆಳೆದ ಹಸಿ ಮರವನ್ನು ಕಡಿಯುವುದೇ? ಪ್ರಶ್ನೆ ಸಹಜ. ಆದರೆ ಅದರಲ್ಲಿ ಎರಡು ಊಹೆಗಳು ಅಡಗಿವೆ: ಕಡಿಯುತ್ತಿರುವುದು ಕಾಡಿನ ಮರ ಎಂಬುದು ಒಂದು, ಕಡಿದ ಕ್ಷಣಕ್ಕೆ ಮರ ಸಾಯುತ್ತದೆ ಎಂಬುದು ಇನ್ನೊಂದು. ಎರಡೂ ನಿಜವಲ್ಲ. ಎರಡನೆಯದು ಸುಳ್ಳಾಗುವ ಬಗೆಯಂತೂ ಸಸ್ಯವಿಜ್ಞಾನದ ಒಂದು ಹಳೆಯ ಜಗಳವನ್ನೇ ಬಿಡಿಸಿದ ಸಂಗತಿ.

ಮೊದಲು ಬೆಳೆಯ ಮಾತು. ಅಮೆರಿಕದಲ್ಲಿ ವರ್ಷಕ್ಕೆ ಎರಡೂವರೆಯಿಂದ ಮೂರು ಕೋಟಿ ನಿಜವಾದ ಕ್ರಿಸ್‌ಮಸ್ ಮರಗಳು ಮಾರಾಟವಾಗುತ್ತವೆ. ಹೆಚ್ಚು ಬೆಳೆಯುವ ರಾಜ್ಯ ಆರೆಗನ್. ಎರಡನೆಯದು ನಾರ್ತ್ ಕ್ಯಾರೊಲಿನಾ. ಒಂದು ಕಾಲಕ್ಕೆ ಇವೆಲ್ಲ ನಿಜಕ್ಕೂ ಕಾಡಿನಿಂದಲೇ ಬರುತ್ತಿದ್ದವು. 1851ರಲ್ಲಿ ಮಾರ್ಕ್ ಕಾರ್ ಎಂಬ ಮರಕಡಿಯುವವನು ಕ್ಯಾಟ್‌ಸ್ಕಿಲ್ ಬೆಟ್ಟಗಳಿಂದ ಗಾಡಿ ತುಂಬ ಮರ ತಂದು ನ್ಯೂಯಾರ್ಕಿನ ಮಾರುಕಟ್ಟೆಯಲ್ಲಿ ಮಾರಿದ್ದೇ ಈ ವ್ಯಾಪಾರದ ಆರಂಭ ಎನ್ನುತ್ತಾರೆ. ಅರ್ಧ ಶತಮಾನ ಕಳೆದು, 1901ರಲ್ಲಿ ನ್ಯೂಜೆರ್ಸಿಯ ಡಬ್ಲ್ಯು.ವಿ. ಮೆಕ್‌ಗ್ಯಾಲಿಯರ್ಡ್ ಎಂಬ ರೈತ 25,000 ನಾರ್ವೆ ಸ್ಪ್ರೂಸ್ ಸಸಿಗಳನ್ನು ಮಾರಾಟಕ್ಕೆಂದೇ ನೆಟ್ಟ. ಅಲ್ಲಿಂದ ಮುಂದೆ ಇದು ಕೃಷಿ.

ನಿಧಾನದ ಕೃಷಿ, ಅಷ್ಟೇ. ನಾರ್ತ್ ಕ್ಯಾರೊಲಿನಾದ ಬಹುಪಾಲು ತೋಟಗಳಲ್ಲಿರುವುದು ಫ್ರೇಸರ್ ಫರ್ ಎಂಬ ಒಂದೇ ಜಾತಿ. ಬೀಜದಿಂದ ಎದ್ದ ಸಸಿ ಮೂರು ನಾಲ್ಕು ವರ್ಷ ನರ್ಸರಿಯಲ್ಲಿರುತ್ತದೆ. ಬಯಲಿಗೆ ನೆಟ್ಟ ಮೇಲೆ ಆರೇಳು ಅಡಿ ಬೆಳೆಯಲು ಇನ್ನೂ ಏಳರಿಂದ ಹತ್ತು ವರ್ಷ. ಹಿರಿಯ ಮಗಳು ಅಂಗನವಾಡಿಗೆ ಸೇರುವಾಗ ನೆಟ್ಟ ಸಸಿ ಅವಳು ಹೈಸ್ಕೂಲು ಸೇರುವ ಹೊತ್ತಿಗೆ ಕಾಸು ತರುತ್ತದೆ. ಇಷ್ಟು ವರ್ಷ ಬೆಲೆ ಏನಾಗುತ್ತದೋ, ಮಳೆ ಏನಾಗುತ್ತದೋ ಯಾರಿಗೂ ಗೊತ್ತಿರುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಇದೇ ಬೆಟ್ಟಗಳ ಮೇಲೆ ಮಳೆ ಸುರಿದಾಗ ಗುಡ್ಡ ಜರಿದು ಕೆಲವು ತೋಟಗಳ ಹತ್ತು ವರ್ಷದ ದುಡಿಮೆ ಒಂದೇ ರಾತ್ರಿಯಲ್ಲಿ ಕಣಿವೆ ಸೇರಿತು. ಆ ವರ್ಷ ಶ್ವೇತಭವನದ ಮರ ಬಂದದ್ದೂ ಏವರಿ ಕೌಂಟಿಯಿಂದಲೇ.

ಕಾರ್ಡುಗಳ ಮೇಲೆ ಕಾಣುವ ಆ ಒತ್ತಾದ ಶಂಕುವಿನ ಆಕಾರ ಪ್ರಕೃತಿ ಕೊಟ್ಟದ್ದೂ ಹೌದು, ಕತ್ತಿ ಕೊಟ್ಟದ್ದೂ ಹೌದು. ಫರ್ ಮರದ ನೆತ್ತಿಯ ಕುಡಿ ಆಕ್ಸಿನ್ ಎಂಬ ಹಾರ್ಮೋನನ್ನು ಕೆಳಕ್ಕೆ ಕಳಿಸುತ್ತಿರುತ್ತದೆ. ಅದರ ಅಂಕೆಯಲ್ಲಿ ಕೆಳಗಿನ ಮೊಗ್ಗುಗಳು ಅಡಗಿ ಕೂರುತ್ತವೆ, ಪಕ್ಕದ ರೆಂಬೆಗಳು ನೆತ್ತಿಗೆ ಪೈಪೋಟಿ ಕೊಡದೆ ಅಡ್ಡಡ್ಡ ಬೆಳೆಯುತ್ತವೆ. ಹೀಗಾಗಿ ಮರ ತಾನಾಗಿಯೇ ಶಂಕುವಾಗುತ್ತದೆ, ಆದರೆ ಕಾಡಿನಲ್ಲಿ ಅದು ತೆಳ್ಳಗೆ, ರೆಂಬೆಗಳ ನಡುವೆ ಅಂತರ ಬಿಟ್ಟು ಬೆಳೆಯುತ್ತದೆ. ಅಂಥ ಮರದ ಮೇಲೆ ದೀಪದ ಸರ ನಿಲ್ಲುವುದಿಲ್ಲ. ಅದಕ್ಕೇ ಬೇಸಿಗೆಯ ನಡುವೆ, ಆ ವರ್ಷದ ಬೆಳವಣಿಗೆ ಮುಗಿಯುತ್ತಿದ್ದಂತೆ, ಉದ್ದನೆಯ ಕತ್ತಿ ಹಿಡಿದ ಕೆಲಸಗಾರರು ಒಂದೊಂದೇ ಮರವನ್ನು ಸುತ್ತುತ್ತ ಸವರುತ್ತಾರೆ, ನೆತ್ತಿಯನ್ನೂ ಒಂದಡಿಯಷ್ಟು ಉಳಿಸಿ ಚಿವುಟುತ್ತಾರೆ. ಹಾರ್ಮೋನಿನ ಅಂಕೆ ತುಸು ಸಡಿಲಗೊಂಡು ಅಡಗಿದ್ದ ಮೊಗ್ಗುಗಳು ಮುಂದಿನ ವಸಂತದಲ್ಲಿ ಒಡೆಯುತ್ತವೆ, ಮರ ತುಂಬಿಕೊಳ್ಳುತ್ತದೆ. ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಕೆಲವು ತಿಂಗಳ ವೀಸಾ ಮೇಲೆ ಮೆಕ್ಸಿಕೊದಿಂದ ಬಂದ ಕೂಲಿಯವರು. ಜಾಹೀರಾತಿನ ಚಿತ್ರಗಳಲ್ಲಿ ಗರಗಸ ಹಿಡಿದ ಅಪ್ಪ ಇರುತ್ತಾನೆ, ಹತ್ತು ಬೇಸಿಗೆ ಕತ್ತಿ ಬೀಸಿದವನು ಇರುವುದಿಲ್ಲ.

ತೋಟ ಬೇಡ, ಕಾಡೇ ಬೇಕು ಎನ್ನುವವರಿಗೂ ದಾರಿಯಿದೆ. ಪಶ್ಚಿಮದ ರಾಜ್ಯಗಳಲ್ಲಿ ಅರಣ್ಯ ಇಲಾಖೆ ಕೆಲವೇ ಡಾಲರಿಗೆ ಮರ ಕಡಿಯುವ ಪರವಾನಗಿ ಕೊಡುತ್ತದೆ. ನಾಲ್ಕನೇ ತರಗತಿಯ ಮಕ್ಕಳಿಗೆ, ಅವರಿಗೆಂದೇ ಇರುವ ಪಾಸ್ ತೋರಿಸಿದರೆ, ಅದು ಪುಕ್ಕಟೆ. ಎಲ್ಲಿ ಕಡಿಯಬೇಕು, ಎಷ್ಟು ದಪ್ಪದ್ದು, ಬೊಡ್ಡೆ ನೆಲದಿಂದ ಎಷ್ಟು ಇಂಚು ಮೀರಬಾರದು ಎಲ್ಲವನ್ನೂ ಬರೆದು ಕೊಡುತ್ತಾರೆ. ಇದು ಔದಾರ್ಯವಷ್ಟೇ ಅಲ್ಲ. ನೂರು ವರ್ಷ ಕಾಡ್ಗಿಚ್ಚನ್ನು ಆರಿಸುತ್ತಲೇ ಬಂದದ್ದರಿಂದ ಅಲ್ಲಿನ ಎಷ್ಟೋ ಕಾಡುಗಳಲ್ಲಿ ಸಣ್ಣ ಮರಗಳು ಒತ್ತೊತ್ತಾಗಿ ಬೆಳೆದು, ನೆಲದ ಬೆಂಕಿ ಏಣಿ ಹತ್ತಿ ದೊಡ್ಡ ಮರದ ನೆತ್ತಿಗೆ ತಲುಪುವಂತಾಗಿದೆ. ಅವು ತೆಳುವಾಗುವುದು ಇಲಾಖೆಗೂ ಬೇಕು.

ಇನ್ನು ಕಡಿಯುವ ಮಾತು. ಒಬ್ಬರು ನೆಲದಲ್ಲಿ ಮಲಗಿ ಬುಡಕ್ಕೆ ಗರಗಸ ಹಾಕುತ್ತಾರೆ, ಇನ್ನೊಬ್ಬರು ಮರವನ್ನು ಆಚೆಗೆ ತುಸು ವಾಲಿಸಿ ಹಿಡಿಯುತ್ತಾರೆ. ಇಲ್ಲದಿದ್ದರೆ ಮರದ ಭಾರಕ್ಕೆ ಸೀಳು ಮುಚ್ಚಿಕೊಂಡು ಗರಗಸ ಕಚ್ಚಿ ಕೂರುತ್ತದೆ. ನಾಲ್ಕಿಂಚು ದಪ್ಪದ ಕಾಂಡ ಕೆಲವೇ ನಿಮಿಷಗಳಲ್ಲಿ ಬೇರ್ಪಡುತ್ತದೆ. ತೋಟದವರು ಅದನ್ನು ಯಂತ್ರಕ್ಕೆ ಹಿಡಿದು ಗಡಗಡ ಅಲ್ಲಾಡಿಸಿ ಒಳಗೆ ಸಿಕ್ಕಿಕೊಂಡ ಹಳೆಯ ಒಣ ಎಲೆಗಳನ್ನು ಉದುರಿಸಿ, ಬಲೆಯಲ್ಲಿ ಬಿಗಿದು, ಬುಡ ಮುಂದಾಗಿ ಕಾರಿನ ಮೇಲೆ ಕಟ್ಟಿಕೊಡುತ್ತಾರೆ.

ಗರಗಸ ಆಚೆ ಬಂದ ಆ ಗಳಿಗೆಯಲ್ಲಿ ಮರದೊಳಗೆ ಏನಾಯಿತು?

ಹಸಿ ಮರದ ಕಾಂಡದೊಳಗಿನ ನೀರು ಪೈಪಿನ ನೀರಿನಂತೆ ಕೆಳಗಿನಿಂದ ತಳ್ಳಲ್ಪಟ್ಟದ್ದಲ್ಲ, ಮೇಲಿನಿಂದ ಎಳೆಯಲ್ಪಟ್ಟದ್ದು. ಎಲೆಯ ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾದಂತೆ ಅದರ ಹಿಂದಿನ ಕಣ ಮುಂದೆ ಸರಿಯುತ್ತದೆ, ಅದರ ಹಿಂದಿನದು ಅದನ್ನು ಹಿಂಬಾಲಿಸುತ್ತದೆ. ನೀರಿನ ಕಣಗಳು ಒಂದನ್ನೊಂದು ಬಿಡದೆ ಹಿಡಿದುಕೊಳ್ಳುವುದರಿಂದ ನೆತ್ತಿಯಿಂದ ಬೇರಿನವರೆಗೆ ಒಂದು ಅಖಂಡ ನೀರಿನ ಎಳೆ ಬಿಗಿಯಾಗಿ ನಿಂತಿರುತ್ತದೆ. ಇದನ್ನು 1894ರಲ್ಲಿ ಡಬ್ಲಿನ್ನಿನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜಾಲಿ ಮುಂದಿಟ್ಟಾಗ ನಂಬಿದವರು ಕಡಿಮೆ. ನೀರನ್ನು ಹಗ್ಗದಂತೆ ಎಳೆಯಲಾಗುತ್ತದೆ ಎಂದರೆ ಯಾರು ಒಪ್ಪಬೇಕು? ಬೇರು ತಳ್ಳುತ್ತದೆ, ಕಾಂಡದ ಜೀವಕೋಶಗಳು ಹಂತಹಂತವಾಗಿ ಎತ್ತಿ ಕೊಡುತ್ತವೆ ಎಂಬುದು ಆಗ ಹಲವರು ಒಪ್ಪಿದ್ದ ಮಾತು.

ಆ ಮಾತನ್ನು ಅಲುಗಾಡಿಸಿದ್ದು ಜರ್ಮನಿಯ ಬಾನ್ ನಗರದ ಎಡ್ವರ್ಡ್ ಸ್ಟ್ರಾಸ್‌ಬರ್ಗರ್. 1890ರ ದಶಕದ ಆರಂಭದಲ್ಲಿ ಅವನು ಎತ್ತರದ ಮರಗಳನ್ನು ಬುಡದಲ್ಲಿ ಕಡಿದು, ನಿಂತ ನಿಲುವಿನಲ್ಲೇ ಅವುಗಳ ಕಾಲನ್ನು ವಿಷದ ದ್ರಾವಣದ ತೊಟ್ಟಿಗೆ ಇಳಿಸಿದ. ಬೇರು ಮೊದಲೇ ಇಲ್ಲ. ಮೇಲೇರಿದ ವಿಷ ದಾರಿಯ ಜೀವಕೋಶಗಳನ್ನೆಲ್ಲ ಕೊಂದಿತು. ಆದರೂ ದ್ರಾವಣ ಏರುವುದು ನಿಲ್ಲಲಿಲ್ಲ. ಅದು ನೆತ್ತಿಯನ್ನು ಮುಟ್ಟಿ ಎಲೆಗಳು ಸತ್ತ ಮೇಲೆಯೇ ನಿಂತಿತು. ನೀರೆತ್ತಲು ಬೇರೂ ಬೇಡ, ಕಾಂಡದ ಜೀವಕೋಶವೂ ಬೇಡ. ಎಲೆ ಆವಿಯಾಗಿಸುತ್ತಿದ್ದರೆ ಸಾಕು. ಡಿಕ್ಸನ್ ಮತ್ತು ಜಾಲಿ ಈ ಪ್ರಯೋಗವನ್ನು ಬಲ್ಲವರಾಗಿದ್ದರು.

ಡಿಸೆಂಬರ್ ತಿಂಗಳಲ್ಲಿ ಕೋಟ್ಯಂತರ ಮನೆಗಳ ಹಜಾರದಲ್ಲಿ ನಡೆಯುವುದು, ವಿಷವೊಂದನ್ನು ಬಿಟ್ಟು, ಸ್ಟ್ರಾಸ್‌ಬರ್ಗರನ ಅದೇ ಪ್ರಯೋಗ. ಕಡಿದ ಮರದ ಎಲೆ ಜೀವಂತವಾಗಿದೆ, ಉಸಿರಾಡುತ್ತಿದೆ, ಬೆಳಕು ಬಿದ್ದರೆ ಒಂದಿಷ್ಟು ಅಡುಗೆಯನ್ನೂ ಮಾಡುತ್ತದೆ. ಬುಡವನ್ನು ನೀರಿನಲ್ಲಿಟ್ಟರೆ ವಾರಗಟ್ಟಲೆ ಹಾಗೇ ಇರುತ್ತದೆ. ತೋಟದ ಚಳಿಯಲ್ಲಿ ಎಲೆಗಳಿಂದ ಆರುವ ನೀರು ಅಲ್ಪ. ಬೆಚ್ಚಗಿನ ಮನೆಯೊಳಗೆ, ಹೀಟರಿನಿಂದ ಒಣಗಿದ ಗಾಳಿಯಲ್ಲಿ, ಅದು ಹಲವು ಪಟ್ಟಾಗುತ್ತದೆ. ಕಾಂಡದ ಅಡ್ಡಳತೆಯ ಒಂದೊಂದು ಇಂಚಿಗೆ ಸುಮಾರು ಒಂದು ಲೀಟರ್ ನೀರು ಹಿಡಿಯುವ ಪಾತ್ರೆ ಇರಲಿ ಎಂಬುದು ಬೆಳೆಗಾರರ ಲೆಕ್ಕ. ನಾಲ್ಕಿಂಚಿನ ಮರಕ್ಕೆ ನಾಲ್ಕು ಲೀಟರ್. ಮೊದಲ ದಿನ ಅಷ್ಟನ್ನೂ ಕುಡಿದು ಪಾತ್ರೆ ಬರಿದು ಮಾಡುವ ಮರಗಳಿವೆ. ಹಬ್ಬದ ಗಡಿಬಿಡಿಯಲ್ಲಿ ಇದನ್ನು ಮರೆತ ಮನೆಗಳಲ್ಲೇ ಹೊಸವರ್ಷಕ್ಕೆ ಮುಂಚೆ ನೆಲವೆಲ್ಲ ಉದುರಿದ ಸೂಜಿಯೆಲೆ.

ಮರ ಮನೆಗೆ ಬಂದ ಮೇಲೆ ಬುಡದಿಂದ ಇನ್ನೊಂದು ಅರ್ಧ ಇಂಚು ಕತ್ತರಿಸಿ ತೆಗೆಯಿರಿ ಎಂದು ತೋಟದವರು ಹೇಳಿಯೇ ಕಳಿಸುತ್ತಾರೆ. ಕಾರಣ ಸೊಗಸಾಗಿದೆ. ಗರಗಸ ತಾಕಿದಾಗ ಬಿಗಿದಿದ್ದ ನೀರಿನ ಎಳೆ ಕಡಿದು ಹಿಂದಕ್ಕೆ ಸರಿಯುತ್ತದೆ, ಆ ಜಾಗಕ್ಕೆ ಗಾಳಿ ನುಗ್ಗುತ್ತದೆ. ಮಾವು, ಹಲಸಿನಂಥ ಮರಗಳ ನೀರ್ನಾಳಗಳು ಉದ್ದ. ಗಾಳಿ ಬಹುದೂರ ಓಡುತ್ತದೆ. ಫರ್, ಪೈನ್, ಸ್ಪ್ರೂಸ್‌ಗಳಂಥ ಸೂಚಿಪರ್ಣಿಗಳಲ್ಲಿ ಅಂಥ ನಾಳಗಳಿಲ್ಲ. ಇರುವುದು ಟ್ರೇಕಿಡ್ ಎಂಬ ಕೋಶಗಳು, ಒಂದೊಂದೂ ಕೆಲವೇ ಮಿಲಿಮೀಟರ್ ಉದ್ದ. ಪಕ್ಕದ ಟ್ರೇಕಿಡ್‌ಗೆ ದಾಟುವ ಪ್ರತಿ ರಂಧ್ರದಲ್ಲೂ ತೆಳುವಾದ ಬಲೆಯ ನಡುವೆ ಒಂದು ಗಟ್ಟಿ ಬಿಲ್ಲೆ ತೂಗುತ್ತಿರುತ್ತದೆ. ಒಂದು ಬದಿಗೆ ಗಾಳಿ ಬಂದ ಕೂಡಲೇ ಬಿಲ್ಲೆ ಇನ್ನೊಂದು ಬದಿಗೆ ಜಾರಿ ರಂಧ್ರವನ್ನು ಮುಚ್ಚಿಬಿಡುತ್ತದೆ. ಚಳಿಗಾಲದ ಹೆಪ್ಪು, ಬರಗಾಲದ ಎಳೆತ ಎರಡರಲ್ಲೂ ನೀರ್ದಾರಿಯೊಳಗೆ ಗುಳ್ಳೆ ಏಳುವ ಅಪಾಯವಿರುವ ಮರಕ್ಕೆ ಈ ಕವಾಟಗಳು ಒಳ್ಳೆಯ ಕಾವಲು. ಗರಗಸಕ್ಕೂ ಅವು ಅದೇ ಉತ್ತರ ಕೊಡುತ್ತವೆ. ಹೀಗಾಗಿ ಗಾಳಿ ಸೇರುವುದು ಬುಡದ ಮೊದಲ ಕೆಲವು ಮಿಲಿಮೀಟರಿಗೆ ಮಾತ್ರ. ಕಡಿದು ಆರೆಂಟು ಗಂಟೆಯೊಳಗೆ ನೀರಿಗಿಟ್ಟರೆ ಬಹುತೇಕ ಜಾತಿಗಳು ಹೇಗೋ ಸುಧಾರಿಸಿಕೊಳ್ಳುತ್ತವೆ. ತಡವಾದರೆ ಒಂದು ತೆಳು ಬಿಲ್ಲೆ ಕೊಯ್ದು ತೆಗೆದರೆ ಆಯಿತು, ಅದರ ಮೇಲ್ಗಡೆ ನೀರಿನ ದಾರಿ ತೆರೆದೇ ಇದೆ.

ಬುಡ ಸ್ಟ್ಯಾಂಡಿನೊಳಗೆ ಹೋಗುವುದಿಲ್ಲವೆಂದು ಸುತ್ತ ಸಿಪ್ಪೆ ಕೆತ್ತುವವರಿದ್ದಾರೆ. ಕೆತ್ತಿದರೆ ಕೆಲಸ ಕೆಟ್ಟಿತು. ನೀರು ಏರುವುದು ಮರದ ನಡುತಿರುಳಿನಲ್ಲಲ್ಲ, ತೊಗಟೆಯ ಒಳಮಗ್ಗುಲಿನ ಹೊಸ ಮರದ ಉಂಗುರಗಳಲ್ಲಿ. ಕೆತ್ತುವವರು ತೆಗೆದುಹಾಕುವುದು ಅದನ್ನೇ. ನೀರಿಗೆ ಸಕ್ಕರೆ, ಆಸ್ಪಿರಿನ್, ಸೋಡಾ ಹಾಕುವ ಮನೆಮದ್ದುಗಳೂ ಹೇರಳ. ನಲ್ಲಿಯ ಬರಿಯ ನೀರಿಗಿಂತ ಅವು ಮೇಲೆಂದು ಪರೀಕ್ಷೆಗಳಲ್ಲಿ ಕಂಡಿಲ್ಲ.

ಹಾಗಾದರೆ ಸೂಜಿಗಳು ಉದುರುವುದೇಕೆ? ನೀರು ಸಾಲದೆ ಉದುರುವುದು ಒಂದು ಬಗೆ. ಆದರೆ ಒಂದೇ ತೋಟದ ಎರಡು ಮರಗಳನ್ನು ಒಂದೇ ಕೋಣೆಯಲ್ಲಿಟ್ಟರೂ ಒಂದು ಜನವರಿಯವರೆಗೆ ಎಲೆ ಬಿಡದೆ ನಿಲ್ಲುತ್ತದೆ, ಇನ್ನೊಂದು ವಾರದಲ್ಲೇ ಬೋಳಾಗುತ್ತದೆ. ಉದುರುವಿಕೆ ಮರ ತಾನೇ ನಡೆಸುವ ಕ್ರಿಯೆ: ಎಥಿಲೀನ್ ಅನಿಲದ ಸಂಕೇತ ಸಿಕ್ಕಿದ ಎಲೆಬುಡದ ಕೋಶಗಳು ತಮ್ಮ ನಡುವಿನ ಅಂಟನ್ನು ಕರಗಿಸಿಕೊಳ್ಳುತ್ತವೆ. ಬಾಳೆಗೊನೆಯನ್ನು ಹಣ್ಣಾಗಿಸುವುದೂ ಇದೇ ಅನಿಲ. ಕೆನಡಾದಲ್ಲಿ ಹೆಚ್ಚು ಬೆಳೆಯುವ ಬಾಲ್ಸಮ್ ಫರ್ ಮೇಲಿನ ಸಂಶೋಧನೆಗಳು, ಕಡಿದ ರೆಂಬೆ ಎಥಿಲೀನ್ ಬಿಡುತ್ತದೆಂದೂ ಅದನ್ನು ತಡೆದರೆ ಎಲೆ ಹೆಚ್ಚು ದಿನ ನಿಲ್ಲುತ್ತದೆಂದೂ ತೋರಿಸಿವೆ. ಚಳಿಯ ಪಾತ್ರವೂ ಇದೆ. ಕಡಿಯುವ ಮುಂಚೆ ಕೆಲವು ರಾತ್ರಿಯಾದರೂ ಹಿಮ ಕಂಡ ಮರ ಎಲೆಯನ್ನು ಹೆಚ್ಚು ಬಿಗಿಯಾಗಿ ಹಿಡಿದಿರುತ್ತದೆ. ಬೆಚ್ಚಗಿನ ಶರತ್ಕಾಲಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ಬೆಳೆಗಾರರಿಗೆ ಇದೊಂದು ಹೊಸ ತಲೆನೋವು.

ಮಿಕ್ಕಿದ್ದು ವಂಶದ ಗುಣ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಗ್ಯಾರಿ ಚಾಸ್ಟಾಗ್ನರ್ ಎಂಬ ಸಸ್ಯರೋಗತಜ್ಞ ಇದರ ಹಿಂದೆ ದಶಕಗಳನ್ನು ಕಳೆದಿದ್ದಾರೆ; ಪತ್ರಿಕೆಗಳು ಅವರನ್ನು 'ಮಿಸ್ಟರ್ ಕ್ರಿಸ್‌ಮಸ್ ಟ್ರೀ' ಎಂದೇ ಕರೆಯುತ್ತವೆ. ಅವರ ವಿಧಾನ ತೀರ ಸರಳ. ಒಂದೊಂದು ಮರದಿಂದ ರೆಂಬೆ ಕತ್ತರಿಸಿ, ನೀರು ಕೊಡದೆ ಕೋಣೆಯಲ್ಲಿ ಸಾಲಾಗಿಟ್ಟು, ವಾರ ಹತ್ತು ದಿನದ ಮೇಲೆ ಮೆಲ್ಲಗೆ ಸವರಿ ಎಷ್ಟು ಉದುರಿತೆಂದು ಅಂಕ ಕೊಡುವುದು. ಅಂಕ ಗೆದ್ದ ಮರಗಳ ಬೀಜದಿಂದ ಮುಂದಿನ ಪೀಳಿಗೆ. ದೊಡ್ಡ ಯಂತ್ರವಿಲ್ಲದ, ತಾಳ್ಮೆಯನ್ನೇ ಬಂಡವಾಳ ಮಾಡಿಕೊಂಡ ಇಂಥ ವಿಜ್ಞಾನದ ಮೇಲೆ ನನಗೆ ಹೆಚ್ಚು ಗೌರವ.

ಒಣಗಿದ ಮರ ಬರಿಯ ಕಸದ ಸಮಸ್ಯೆಯಲ್ಲ. ಹಸಿ ಫರ್ ರೆಂಬೆಯಲ್ಲಿ ಒಣ ಭಾಗದ ತೂಕಕ್ಕಿಂತ ನೀರಿನ ತೂಕವೇ ಹೆಚ್ಚು. ಕಡ್ಡಿ ಗೀರಿದರೂ ಅದು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ನೀರು ಹೋದ ಮೇಲೆ ಉಳಿಯುವುದು ಸಾವಿರಾರು ತೆಳುವಾದ ಸೂಜಿಗಳು, ನಡುನಡುವೆ ಗಾಳಿ, ಜೊತೆಗೆ ಬೇಗ ಉರಿಯುವ ತೈಲ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ನಿಸ್ಟ್ ನಡೆಸಿದ ಪ್ರದರ್ಶನಗಳಲ್ಲಿ ಒಣ ಮರವೊಂದು ನಿಮಿಷದೊಳಗೆ ಇಡೀ ಕೋಣೆಯನ್ನು ಬೆಂಕಿಗೆ ಕೊಟ್ಟಿದೆ. ಇಂಥ ಮರದ ಮೇಲೆ ತಲೆಮಾರುಗಟ್ಟಲೆ ನಿಜವಾದ ಮೇಣದಬತ್ತಿ ಹಚ್ಚುತ್ತಿದ್ದರು ಎಂದರೆ ಆಶ್ಚರ್ಯ. ಪಕ್ಕದಲ್ಲಿ ಬಕೆಟ್ ನೀರು ಇಟ್ಟುಕೊಂಡಿರುತ್ತಿದ್ದರು. 1882ರಲ್ಲಿ ಎಡಿಸನ್ನನ ಸಹವರ್ತಿ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಕೆಂಪು, ಬಿಳಿ, ನೀಲಿಯ 80 ವಿದ್ಯುತ್ ಬಲ್ಬುಗಳನ್ನು ಮರಕ್ಕೆ ಸುತ್ತಿದ. ಇಂದಿನ ಎಲ್‌ಇಡಿ ಸರಗಳು ಬಿಸಿಯಾಗುವುದೂ ಕಡಿಮೆ, ಮರವನ್ನು ಒಣಗಿಸುವುದೂ ಕಡಿಮೆ.

ಮನೆ ತುಂಬುವ ಆ ಪರಿಮಳವೂ ಅದೇ ತೈಲದ್ದು. ಪೈನೀನ್, ಲಿಮೊನೀನ್, ಬಾರ್ನೈಲ್ ಅಸಿಟೇಟ್ ಮುಂತಾದ ಹಗುರ ರಾಸಾಯನಿಕಗಳು ಹುಳಹುಪ್ಪಟೆ, ಶಿಲೀಂಧ್ರಗಳನ್ನು ದೂರವಿಡಲು ಮರ ತಯಾರಿಸಿಕೊಂಡ ಆಯುಧಗಳು. ಮನುಷ್ಯರ ಮೂಗಿಗೆ ಅವು ಹಬ್ಬದ ವಾಸನೆ.

ಎಲ್ಲ ಕೀಟಗಳ ಮೇಲೆ ಆ ಆಯುಧ ನಡೆಯುವುದಿಲ್ಲ. ಇಲ್ಲಿಂದ ಕಥೆ ತೋಟ ಬಿಟ್ಟು ಬೆಟ್ಟದ ತುದಿಗೆ ಹೋಗಬೇಕು. ಫ್ರೇಸರ್ ಫರ್ ತನ್ನಷ್ಟಕ್ಕೆ ಬೆಳೆಯುವುದು ದಕ್ಷಿಣ ಅಪಲೇಶಿಯನ್ ಸಾಲಿನ ಕೆಲವೇ ಶಿಖರಗಳ ಮೇಲೆ, ಹೆಚ್ಚುಕಡಿಮೆ 1,500 ಮೀಟರಿಗಿಂತ ಎತ್ತರದಲ್ಲಿ. ಅವುಗಳಲ್ಲಿ ಅತಿ ಎತ್ತರದ ಮೌಂಟ್ ಮಿಚೆಲ್ 2,037 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ನೂರು ಮೀಟರ್ ಹೆಚ್ಚು. ಹಿಮಯುಗದಲ್ಲಿ ತಗ್ಗಿನಲ್ಲೂ ಹರಡಿದ್ದ ಚಳಿಯ ಕಾಡು, ಭೂಮಿ ಬಿಸಿಯಾದಂತೆ ಮೇಲೇರಿ ಶಿಖರಗಳಲ್ಲಿ ಸಿಕ್ಕಿಕೊಂಡಿತು. ಅದರಾಚೆ ಏರಲು ಜಾಗವಿಲ್ಲ. 18ನೇ ಶತಮಾನದ ಕೊನೆಯಲ್ಲಿ ಈ ಬೆಟ್ಟಗಳನ್ನು ಸುತ್ತಿದ ಸ್ಕಾಟ್ಲೆಂಡಿನ ಸಸ್ಯಸಂಗ್ರಾಹಕ ಜಾನ್ ಫ್ರೇಸರನ ಹೆಸರನ್ನು ಮರ ಹೊತ್ತಿದೆ.

1957ರಲ್ಲಿ ಮೌಂಟ್ ಮಿಚೆಲ್ ಮೇಲೆ ಒಂದು ಕೀಟ ಕಾಣಿಸಿತು. ಬಾಲ್ಸಮ್ ವೂಲಿ ಅಡೆಲ್ಜಿಡ್ ಎಂಬ ಇದು ಯುರೋಪಿನಿಂದ 1900ರ ಆಸುಪಾಸಿನಲ್ಲಿ ಸಸಿಗಳ ಜೊತೆ ಅಮೆರಿಕಕ್ಕೆ ಬಂದದ್ದು. ಗಾತ್ರ ಒಂದು ಮಿಲಿಮೀಟರಿಗೂ ಕಡಿಮೆ, ಮೈಮೇಲೆ ಬಿಳಿಯ ಹತ್ತಿಯಂಥ ಹೊದಿಕೆ. ಅಮೆರಿಕದಲ್ಲಿರುವುದೆಲ್ಲ ಹೆಣ್ಣೇ, ಗಂಡಿನ ಹಂಗಿಲ್ಲದೆ ಮೊಟ್ಟೆಯಿಡುತ್ತದೆ. ತೊಗಟೆಯ ಬಿರುಕಿನಲ್ಲಿ ಕೂತು ಬಾಯಿಯ ಸೂಜಿ ಇಳಿಸಿ ಹೀರುತ್ತದೆ. ಹೀರಿದ್ದರಿಂದಲೇ ಮರ ಸಾಯುವುದಿಲ್ಲ. ಅದರ ಜೊಲ್ಲಿಗೆ ಮರ ಗಾಬರಿಯಾಗಿ ಕೆಂಪನೆಯ, ಗಡುಸಾದ, ಅಡ್ಡಾದಿಡ್ಡಿ ಮರವನ್ನು ಒಳಗೆ ಕಟ್ಟತೊಡಗುತ್ತದೆ. ಅದರ ಮೂಲಕ ನೀರು ಹರಿಯುವುದಿಲ್ಲ. ವರ್ಷವಿಡೀ ಮಂಜು ಮುಸುಕುವ, ಮಳೆಗೆ ಬರವಿಲ್ಲದ ಶಿಖರದ ಮೇಲೆ, ಬೇರು ನೆಲದಲ್ಲಿ ಗಟ್ಟಿಯಾಗಿ ಊರಿರುವಾಗಲೇ, ಮರ ಬಾಯಾರಿ ಸಾಯುತ್ತದೆ. ಗ್ರೇಟ್ ಸ್ಮೋಕಿ ಪರ್ವತಗಳ ಕುವೋಹಿ ಶಿಖರದಲ್ಲಿ (2024ರವರೆಗೆ ಅದರ ಅಧಿಕೃತ ಹೆಸರು ಕ್ಲಿಂಗ್‌ಮನ್ಸ್ ಡೋಮ್) ಬೆಳೆದ ಮರಗಳಲ್ಲಿ ಬಹುಪಾಲು ಹೀಗೆ ಬೂದುಬಣ್ಣದ ಕಂಬಗಳಾದವು. ಎಳೆ ಮರದ ತೊಗಟೆ ನುಣುಪಾಗಿರುವುದರಿಂದ ಕೀಟಕ್ಕೆ ಕೂರಲು ಬಿರುಕು ಸಿಗದು. ಹಾಗಾಗಿ ಸತ್ತ ಮರಗಳಡಿ ಹೊಸ ಸಸಿಗಳು ಎದ್ದವು. ಅವು ಬಲಿತು ಕಾಯಿ ಬಿಡುವ ಹೊತ್ತಿಗೆ ತೊಗಟೆಯೂ ಬಿರಿಯುತ್ತದೆ, ಕೀಟವೂ ಮರಳುತ್ತದೆ.

ಹೀಗೆ ಕಾಡಿನಲ್ಲಿ ಅಳಿವಿನಂಚಿನ ಪಟ್ಟಿ ಸೇರಿದ ಜಾತಿ, ಕೆಳಗಿನ ತೋಟಗಳಲ್ಲಿ ಕೋಟಿಗಟ್ಟಲೆ ನಿಂತಿದೆ. ಬೇರುಳ್ಳದ್ದಕ್ಕೆ ನೀರಿಲ್ಲ, ಬೇರು ಕಳೆದುಕೊಂಡದ್ದು ಹಜಾರದಲ್ಲಿ ದಿನಕ್ಕೆ ಲೀಟರುಗಟ್ಟಲೆ ಕುಡಿಯುತ್ತಿದೆ. ತೋಟದ ಮರಗಳನ್ನು ನೋಡಿ ಜಾತಿ ಕ್ಷೇಮವಾಗಿದೆ ಎನ್ನುವುದು ಮಾತ್ರ ಸುಲಭದ ಸಮಾಧಾನ. ಒಂದೇ ಎತ್ತರ, ಒಂದೇ ಬಣ್ಣಕ್ಕಾಗಿ ಆಯ್ದ ಮರಗಳು ಕಾಡಾಗಲಾರವು. ಅವು ಬಹುಪಾಲು ಬೀಜ ಬಿಡುವ ವಯಸ್ಸಿಗೂ ತಲುಪುವುದಿಲ್ಲ.

ತೋಟಕ್ಕೂ ತನ್ನದೇ ಶತ್ರುವಿದೆ. ನೀರು ನಿಂತ ಮಣ್ಣಿನಲ್ಲಿ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ಈಜುತ್ತ ಬಂದು ಫರ್ ಬೇರಿಗೆ ಅಂಟುತ್ತದೆ. ಬೇರು ಕೊಳೆಯುತ್ತದೆ, ಮರ ಕೆಂಪಗಾಗಿ ಒಣಗುತ್ತದೆ. ಒಮ್ಮೆ ಮಣ್ಣು ಸೇರಿದರೆ ಅಲ್ಲಿ ಮತ್ತೆ ಫ್ರೇಸರ್ ಫರ್ ನೆಡುವುದು ವ್ಯರ್ಥ. ಈ ಹೆಸರು ಮಲೆನಾಡಿನವರಿಗೆ ಹೊಸದಾಗಬೇಕಿಲ್ಲ. ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಸೊರಗುರೋಗ ಎರಡೂ ಇದೇ ಕುಲದ ಜೀವಿಗಳ ಕೆಲಸ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಫೈಟಾಫ್ತೊರವೇ ಕಾರಣವೆಂದು 1910ರಲ್ಲೇ ಬರೆದು, ಬೋರ್ಡೊ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಅಡಿಕೆಗೊನೆ ಕಣ್ಣಿಗೆ ಕಾಣುತ್ತದೆ, ಔಷಧಿ ಹೊಡೆಯಬಹುದು. ನೆಲದಡಿಯ ಬೇರಿಗೆ ಹೊಡೆಯುವುದೆಲ್ಲಿಗೆ? ಹಾಗಾಗಿ ಈ ರೋಗವನ್ನು ಹೆಚ್ಚು ತಾಳಬಲ್ಲ ಟರ್ಕಿಯ ಫರ್ ಜಾತಿಗಳನ್ನು ಅಮೆರಿಕದ ಹಲವು ರಾಜ್ಯಗಳಲ್ಲಿ ಬೆಳೆಸಿ ನೋಡುತ್ತಿದ್ದಾರೆ.

ಕಡಿದಾಗ ಹಿಂದೆ ಉಳಿದ ಬೊಡ್ಡೆಯ ಗತಿ? ಬುಡದ ಒಂದು ಸುತ್ತು ಹಸಿ ರೆಂಬೆಗಳನ್ನು ಬಿಟ್ಟು ಅದರ ಮೇಲೆ ಕಡಿದರೆ ಬೊಡ್ಡೆ ಸಾಯುವುದಿಲ್ಲ. ನೆತ್ತಿಯ ಅಂಕೆ ತಪ್ಪಿದ್ದರಿಂದ ಒಂದು ರೆಂಬೆ ಮೆಲ್ಲಗೆ ಮೇಲಕ್ಕೆ ಬಾಗಿ ತಾನೇ ನೆತ್ತಿಯಾಗುತ್ತದೆ. ಬೇರು ಹಳೆಯದು, ಬಲವಾದದ್ದು. ಸಸಿ ನೆಟ್ಟದ್ದಕ್ಕಿಂತ ಬೇಗ ಇನ್ನೊಂದು ಮರ ಸಿದ್ಧ. ಕೆಲವು ತೋಟದವರು ಹೀಗೆ ಒಂದೇ ಬುಡದಿಂದ ಎರಡು ಮೂರು ಕೂಳೆ ಬೆಳೆ ತೆಗೆಯುತ್ತಾರೆ. ಒಂದೂ ಹಸಿರೆಲೆ ಉಳಿಯದ ಬೊಡ್ಡೆ ಸಾಮಾನ್ಯವಾಗಿ ಸಾಯುತ್ತದೆ. ಸಾಮಾನ್ಯವಾಗಿ ಎಂದೆ, ಏಕೆಂದರೆ ಪಕ್ಕದ ಮರದ ಬೇರಿನೊಡನೆ ತನ್ನ ಬೇರು ಬೆಸೆದುಕೊಂಡಿದ್ದರೆ ಅದು ವರ್ಷಾನುಗಟ್ಟಲೆ ಬದುಕುವುದುಂಟು. ನ್ಯೂಜಿಲೆಂಡಿನ ಕೌರಿ ಮರದ ಅಂಥದೊಂದು ಬೊಡ್ಡೆಯನ್ನು ಸೆಬಾಸ್ಟಿಯನ್ ಲಾಯ್ಜಿಂಗರ್ ಮತ್ತು ಮಾರ್ಟಿನ್ ಬಾಡರ್ ಅಳೆದು 2019ರಲ್ಲಿ ಪ್ರಕಟಿಸಿದರು. ಹಗಲಿನಲ್ಲಿ ನೆರೆಯ ಮರಗಳು ನೀರೆಳೆಯುವಾಗ ಬೊಡ್ಡೆ ಸುಮ್ಮನಿರುತ್ತದೆ. ರಾತ್ರಿ ಅವುಗಳ ಎಲೆಯ ರಂಧ್ರ ಮುಚ್ಚಿದ ಮೇಲೆ ಇದರೊಳಗೆ ನೀರು ಓಡಾಡತೊಡಗುತ್ತದೆ. ಬೇರಿಲ್ಲದ ಮರ ಮನೆಯಲ್ಲಿ, ಎಲೆಯಿಲ್ಲದ ಬೇರು ನೆಲದಲ್ಲಿ. ಎಲ್ಲಿಯವರೆಗೆ ನೀರು ಓಡುತ್ತದೋ ಅಲ್ಲಿಯವರೆಗೆ ಜೀವ.

ಇಷ್ಟೆಲ್ಲ ರಗಳೆ ಏಕೆ, ಪ್ಲಾಸ್ಟಿಕ್ ಮರ ತಂದರಾಗದೇ? ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಲೆಕ್ಕದಲ್ಲಿ ಎರಡು ಮೀಟರಿನ ಪ್ಲಾಸ್ಟಿಕ್ ಮರದ ಇಂಗಾಲದ ಹೊರೆ ಸುಮಾರು 40 ಕಿಲೊ. ಅಷ್ಟೇ ಎತ್ತರದ ನಿಜ ಮರವನ್ನು ಕಸದ ಗುಂಡಿಗೆ ಹಾಕಿ ಕೊಳೆಸಿದರೆ 16 ಕಿಲೊ, ಚೂರು ಮಾಡಿ ಮಣ್ಣಿಗೆ ಹಾಕಿದರೆ ಮೂರೂವರೆ. ಅಟ್ಟದಿಂದ ಇಳಿಸಿ ಹತ್ತು ಹನ್ನೆರಡು ವರ್ಷ ಬಳಸುವವರಿಗೆ ಪ್ಲಾಸ್ಟಿಕ್ ಮರ ಲಾಭವೇ. ಬಳಸುವವರು ಎಷ್ಟು ಮಂದಿ ಎನ್ನುವುದು ಬೇರೆ ಮಾತು.

ನಮ್ಮ ಕಡೆ ಫರ್ ಬೆಳೆಯದು. ಕರಾವಳಿಯ ಕ್ರೈಸ್ತ ಮನೆಗಳ ಅಂಗಳದಲ್ಲಿ ಗೋದಲಿಯ ಪಕ್ಕ ಗಾಳಿಮರದ ರೆಂಬೆ ನಿಲ್ಲುವುದುಂಟು. ನೋಡಲು ಸೂಚಿಪರ್ಣಿಯಂತಿದ್ದರೂ ಅದು ಹೂಬಿಡುವ ಮರ. ಸೂಜಿಯಂತೆ ಕಾಣುವುದು ಎಲೆಯಲ್ಲ, ಗಿಣ್ಣುಗಿಣ್ಣಾದ ಹಸಿರು ಕಡ್ಡಿ. ನಿಜವಾದ ಎಲೆಗಳು ಪ್ರತಿ ಗಿಣ್ಣಿನಲ್ಲಿ ಉಂಗುರದಂತೆ ಕೂತ ಹಲ್ಲುಗಳಷ್ಟೇ. ಬೆಂಗಳೂರಿನ ಕುಂಡಗಳಲ್ಲಿ, ಲಾಲ್‌ಬಾಗಿನಲ್ಲಿ 'ಕ್ರಿಸ್‌ಮಸ್ ಮರ' ಎನಿಸಿಕೊಳ್ಳುವುದು ಅರಾಕೇರಿಯ. ಇದು ನಿಜಕ್ಕೂ ಸೂಚಿಪರ್ಣಿಗಳ ಬಳಗದ್ದು, ತವರು ಪೆಸಿಫಿಕ್ ದ್ವೀಪಗಳು. ಅದರಲ್ಲಿ ಕುಕ್ ಪೈನ್ ಎಂಬ ಜಾತಿಗೆ ಒಂದು ವಿಚಿತ್ರ ಚಾಳಿ. ಐದು ಖಂಡಗಳಲ್ಲಿ 256 ಮರಗಳನ್ನು ಅಳೆದು 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಈ ಮರಗಳು ಸರಾಸರಿ ಎಂಟೂವರೆ ಡಿಗ್ರಿಯಷ್ಟು ಸಮಭಾಜಕ ವೃತ್ತದ ಕಡೆಗೇ ವಾಲುತ್ತವೆ: ಉತ್ತರಾರ್ಧಗೋಳದಲ್ಲಿ ದಕ್ಷಿಣಕ್ಕೆ, ದಕ್ಷಿಣಾರ್ಧಗೋಳದಲ್ಲಿ ಉತ್ತರಕ್ಕೆ. ಸಮಭಾಜಕದಿಂದ ದೂರ ಹೋದಂತೆ ವಾಲು ಹೆಚ್ಚು. ಬೆಂಗಳೂರು ಕೇವಲ 13 ಡಿಗ್ರಿ ಉತ್ತರದಲ್ಲಿರುವುದರಿಂದ ತೂಗುಗುಂಡು ಹಿಡಿದೇ ನೋಡಬೇಕಾದೀತು.

ನಾರ್ತ್ ಕ್ಯಾರೊಲಿನಾದ ಮರಕ್ಕೆ ಮರಳುವುದಾದರೆ, ಅದರ ಕೊನೆ ತಿಳಿಯುವುದು ಸ್ಟ್ಯಾಂಡಿನ ನೀರಿನ ಮಟ್ಟದಿಂದ. ದಿನವೂ ಇಳಿಯುತ್ತಿದ್ದ ನೀರು ಎರಡು ದಿನ ಹಾಗೇ ನಿಂತಿದ್ದರೆ ಮರ ಕುಡಿಯುವುದನ್ನು ನಿಲ್ಲಿಸಿದೆ, ಹೊರಗೆ ಸಾಗಿಸುವ ಹೊತ್ತು ಬಂದಿದೆ. ಜನವರಿಯ ಮೊದಲ ವಾರ ನಗರಸಭೆಯ ಲಾರಿಗಳು ಬೀದಿ ಬದಿಯ ಮರಗಳನ್ನು ಒಯ್ದು ಚೂರು ಮಾಡಿ ಉದ್ಯಾನಗಳಿಗೆ ಹಾಸುತ್ತವೆ. ಆರೆಗನ್‌ನಲ್ಲಿ ಹಳೆಯ ಮರಗಳನ್ನು ತೊರೆಗಳಿಗೆ ಇಳಿಸಿ ಸಾಲ್ಮನ್ ಮರಿಗಳಿಗೆ ಅಡಗುದಾಣ ಮಾಡುತ್ತಾರೆ. ಲೂಯಿಸಿಯಾನದಲ್ಲಿ ಸಮುದ್ರ ನುಂಗುತ್ತಿರುವ ಜವುಗುನೆಲದ ಅಂಚಿಗೆ ಅವುಗಳನ್ನು ಕಟ್ಟುಕಟ್ಟಿ ಇಡುತ್ತಾರೆ. ಕೆಲವು ಕಡೆ ಸೇನೆಯ ಹೆಲಿಕಾಪ್ಟರುಗಳೇ ತಂದು ಇಳಿಸುತ್ತವೆ. ಒತ್ತಾದ ರೆಂಬೆಗಳು ಅಲೆಯ ಹೊಡೆತ ತಗ್ಗಿಸಿ, ಹೂಳನ್ನು ಹಿಡಿದಿಟ್ಟು, ಹುಲ್ಲು ಬೇರೂರಲು ನೆಲ ಮಾಡಿಕೊಡುತ್ತವೆ. ಮರ ಕೊಡುವ ಮುಂಚೆ ಜರಿ, ದೀಪದ ಸರ, ತಂತಿಯ ಕೊಂಡಿಗಳನ್ನೆಲ್ಲ ಬಿಚ್ಚಿರಬೇಕು. ಪ್ಲಾಸ್ಟಿಕ್ ಹಿಮ ಸಿಂಪಡಿಸಿದ ಮರವನ್ನು ಅವರು ಮುಟ್ಟುವುದಿಲ್ಲ.